ಮಲ್ಲಿಕಾರ್ಜುನ ಮನಸೂರ

ಮಲ್ಲಿಕಾರ್ಜುನ ಮನಸೂರ (31 ಡಿಸೆಂಬರ್ 1910 – 12 ಸೆಪ್ಟೆಂಬರ್ 1992): ಜೈಪುರ-ಅತ್ರೌಲಿ ಘರಾಣೆಯ ಹಿಂದುಸ್ತಾನಿ ಗಾಯಕ. ಶಿವಶರಣರ ವಚನಗಳನ್ನು ರಾಗಸಂಗೀತದ ಬೈಠಕ್ಕಿನಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ಕನ್ನಡ ನಾಟಕ ಕಂಪನಿಯ ಬಾಲನಟನಾಗಿ ಹಾಡಲು ತೊಡಗಿ, ಮಿರಜ ಮತ್ತು ಮುಂಬಯಿಗಳ ಗುರುಗಳಿಂದ ವಿದ್ಯೆ ಪಡೆದು, ಬಾಳಿನ ಬಹುಭಾಗವನ್ನು ಧಾರವಾಡದಲ್ಲೇ ಕಳೆದರು. ಅಪರೂಪದ ರಾಗಗಳ ಭಂಡಾರ ಮತ್ತು ವಚನ ಗಾಯನ, ಇವೆರಡೂ ಅವರ ಹೆಸರಿನೊಂದಿಗೆ ಸೇರಿಕೊಂಡಿವೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮಿರಜ, ಕೊಲ್ಲಾಪುರ, ಪುಣೆಗಳ ಜತೆ ರೈಲು, ವ್ಯಾಪಾರ, ಆಡಳಿತ, ನಾಟಕ ಎಲ್ಲದರ ನಂಟೂ ಇತ್ತು. ಉತ್ತರದ ಉಸ್ತಾದರು ಮೈಸೂರು ಅರಮನೆಗೆ ಹೋಗಿಬರುವಾಗ ಈ ಭಾಗದಲ್ಲಿ ತಂಗುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂಖಾನರ ಶಿಷ್ಯ ಸವಾಯಿ ಗಂಧರ್ವರು ಹುಬ್ಬಳ್ಳಿ ಸಮೀಪದ ಕುಂದಗೋಳದವರು. ಅವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಕಲಿತರು. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಬಸವರಾಜ ರಾಜಗುರು ಅವರ ಶಿಷ್ಯರು. ಹೀಗೆ ಕಿರಾಣಾ ಮತ್ತು ಗ್ವಾಲಿಯರ್ ಗಾಯಕಿಗಳು ಬೇರೂರಿದ್ದ ಈ ನೆಲಕ್ಕೆ ಜೈಪುರ-ಅತ್ರೌಲಿಯ ಗಾಯಕಿ ಮನಸೂರರ ಮೂಲಕ ಬಂದು ನೆಲೆಸಿತು.

ಬಾಲ್ಯ ಮತ್ತು ರಂಗಭೂಮಿ

ಹುಟ್ಟೂರು ಧಾರವಾಡದ ಪಕ್ಕದ ಮನಸೂರು. ತಂದೆ ಭೀಮರಾಯಪ್ಪನವರು ಊರಗೌಡರು, ಒಕ್ಕಲುತನದವರು, ಬಯಲಾಟ-ಸಂಗೀತಗಳ ಹುಚ್ಚಿನವರು. ಅಣ್ಣ ಬಸವರಾಜ ನಾಟಕದ ನಂಟಿದ್ದವರು. ಮಲ್ಲಿಕಾರ್ಜುನರು ಒಂಬತ್ತರ ಎಳೆವಯಸ್ಸಿಗೇ ಬಣ್ಣ ಹಚ್ಚಿದರು. ಆ ಕಾಲದ ಕಂಪನಿ ನಾಟಕದಲ್ಲಿ ಮಾತಿಗಿಂತ ಹಾಡಿಗೆ ಬೆಲೆ ಹೆಚ್ಚು. ಧ್ವನಿವರ್ಧಕವಿಲ್ಲದ ಥಿಯೇಟರಿನಲ್ಲಿ ಕಾಲುಪೆಟ್ಟಿಗೆಯ ಶ್ರುತಿಗೆ ಕಂಠ ಕೂಡಿಸಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಬೇಕಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಪಾತ್ರ ಅಲ್ಲಿಯೇ ನಿಂತು ಮತ್ತೊಮ್ಮೆ ಹಾಡಬೇಕು. ಅಕ್ಷರ ಅಕ್ಷರವೂ ಕಿವಿಗೆ ಮುಟ್ಟುವಂತೆ ಸಾಹಿತ್ಯವನ್ನು ನುಡಿಯುವ ರೂಢಿ ಇಲ್ಲಿ ಬೆಳೆಯಿತು. ಮುಂದೆ ವಚನಗಳನ್ನು ಹಾಡುವಾಗ ಅದು ಅವರ ಕೈಹಿಡಿಯಿತು.

ಗುರುಗಳು

ರಂಗದ ಮೇಲೆ ಹುಡುಗನ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಮೊದಲ ಪಾಠ ಹೇಳಿದರು. ಬಳಿಕ ಮಿರಜಿನ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ ನಡೆಯಿತು. ಅಲ್ಲಿ ಚೀಜುಗಳ (ಬಂದಿಶುಗಳೆಂಬ ರಾಗರಚನೆಗಳ) ಶುದ್ಧ ಪಾಠ, ಲಯದ ಹಿಡಿತ, ಕಂಠಸಾಧನೆಗಳ ತಳಹದಿ ಬಿತ್ತು.

ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷ ಉಸ್ತಾದ್ ಅಲ್ಲಾದಿಯಾಖಾನರ ಸಂಪರ್ಕ ಒದಗಿದ್ದು ಇದಾದ ಮೇಲೆ. ಅವರು ಮನಸೂರರನ್ನು ತಮ್ಮ ಮಗ ಮಂಜಿಖಾನರಿಗೆ ಒಪ್ಪಿಸಿದರು. ತಾಲೀಮು ಗಟ್ಟಿಯಾಗಿ ನಡೆದಿತ್ತು, ಆದರೆ 1937ರಲ್ಲಿ ಮಂಜಿಖಾನರು ತೀರಿಕೊಂಡರು. ಅವರ ತಮ್ಮ ಭೂರ್ಜಿಖಾನರು ಶಿಕ್ಷಣ ಮುಂದುವರಿಸಿದರು. ತಾವು ಮಂಜಿಖಾನರ ಶಿಷ್ಯರೆಂದು ಹೇಳಿಕೊಳ್ಳುವುದರಲ್ಲಿ ಮನಸೂರರಿಗೆ ಕೊನೆಯವರೆಗೂ ಹೆಮ್ಮೆಯಿತ್ತು. ಲಿಂಗಾಯತ ಮನೆತನದ ಹಳ್ಳಿಯ ಹುಡುಗನಿಗೆ ಮುಸ್ಲಿಂ ಉಸ್ತಾದರ ಮನೆತನ ತನ್ನ ವಿದ್ಯೆಯನ್ನು ಹೀಗೆ ಧಾರೆಯೆರೆಯಿತು.

ಧ್ವನಿಮುದ್ರಿಕೆ, ಆಕಾಶವಾಣಿ

ಮನಸೂರರು ಎಚ್‌ಎಂವಿ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿ ಕೆಲಸ ಮಾಡಿದರು. ಅವರ ಹಾಡುಗಳ ಗ್ರಾಮಫೋನ್ ಪ್ಲೇಟುಗಳು ಹೊರಬಂದವು. 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ ಮಾತ್ರ ಅವಕಾಶ. ಸ್ಥಾಯಿ, ಅಂತರಾ, ನಾಲ್ಕಾರು ತಾನು ಅಷ್ಟರೊಳಗೇ ಮುಗಿಯಬೇಕು. ಧಾರವಾಡ ಆಕಾಶವಾಣಿ ನಿಲಯ 1950ರ ಜನವರಿ 8ರಂದು ಆರಂಭವಾಯಿತು. ಮುಂದೆ ಮನಸೂರರು ಅದರ ಸಂಗೀತ ಸಲಹೆಗಾರರಾದರು. ಬೈಠಕ್ಕಿಗೆ ಬರಲಾಗದ ಹಳ್ಳಿಯ ಕೇಳುಗರನ್ನು ಅವರ ಗಾಯನ ತಲುಪಿದ್ದು ಬಹುಮಟ್ಟಿಗೆ ರೇಡಿಯೋದ ಮೂಲಕ.

ಗಾಯನ ಶೈಲಿ

ಕಿರಾಣಾ ಗಾಯಕರು ಅತಿವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಹಿಗ್ಗಿಸುತ್ತ ಹೋಗುತ್ತಾರೆ. ಜೈಪುರ-ಅತ್ರೌಲಿಯವರ ವಿಲಂಬಿತಕ್ಕೆ ತುಸು ಚುರುಕು ಹೆಚ್ಚು. 16 ಮಾತ್ರೆಯ ತೀನ್‌ತಾಲದಲ್ಲಿ ಬಂದಿಶಿನ ಚೌಕಟ್ಟು ಬಿಡದೆ ಸ್ವರಗಳು ಒಂದಕ್ಕೊಂದು ಹೆಣೆದುಕೊಂಡು ಸಾಗುತ್ತವೆ. ಆಲಾಪ, ಬೋಲ್‌ತಾನು, ತಾನುಗಳನ್ನು ಬೇರೆಬೇರೆ ಭಾಗಗಳಾಗಿ ಕತ್ತರಿಸಿಡುವ ಪದ್ಧತಿಯಿಲ್ಲ. ಮನಸೂರರು ರಾಗವನ್ನು ಹೆಚ್ಚು ಲಂಬಿಸುತ್ತಿರಲಿಲ್ಲ. ಉಸಿರು ತೆಗೆದುಕೊಂಡದ್ದು ತಿಳಿಯದಂತೆ ಒಂದು ಆವರ್ತನದಿಂದ ಇನ್ನೊಂದಕ್ಕೆ ಹರಿದು, ನಿರೀಕ್ಷೆಯಿಲ್ಲದ ತಿರುವಿನಿಂದ ಸಮ್ಮಿಗೆ (ತಾಳದ ಮೊದಲ ಮಾತ್ರೆಗೆ) ಬಂದು ಸೇರುತ್ತಿದ್ದರು. ರಾಗದ ರೂಪ ಮೊದಲ ಒಂದೆರಡು ಆವರ್ತನಗಳಲ್ಲೇ ಕೇಳುಗರ ಮುಂದೆ ನಿಲ್ಲುತ್ತಿತ್ತು.

ಈ ಘರಾಣೆಯ ಇನ್ನೊಂದು ಲಕ್ಷಣ ಅಪ್ರಚಲಿತ ರಾಗಗಳು ಮತ್ತು ಜೋಡುರಾಗಗಳು. ಶುದ್ಧ ನಟ್, ಹೇಮ ನಟ್, ಶಿವಮತ ಭೈರವ, ಖಟ್, ಲಚ್ಛಾಸಾಖ್, ಬಿಹಾರಿ, ಬಹಾದುರಿ ತೋಡಿ, ಸಂಪೂರ್ಣ ಮಾಲಕಂಸ ಮುಂತಾದವನ್ನು ಮನಸೂರರು ಮೇಲಿಂದ ಮೇಲೆ ಹಾಡಿ ಬಳಕೆಯಲ್ಲಿ ಉಳಿಸಿದರು. ಎಲ್ಲರೂ ಹಾಡುವ ಮಾಲಕಂಸಕ್ಕೆ ಐದೇ ಸ್ವರ. ಅದರಲ್ಲಿ ರಿಷಭ, ಪಂಚಮಗಳು ವರ್ಜ್ಯ. ಸಂಪೂರ್ಣ ಮಾಲಕಂಸದಲ್ಲಿ ಅವೆರಡೂ ಸೇರುತ್ತವೆ. ಸೇರಿಯೂ ಮಾಲಕಂಸದ ಗಾಂಭೀರ್ಯ ಕೆಡಬಾರದು, ಬೇರೆ ರಾಗದ ನೆರಳೂ ಬೀಳಬಾರದು. ಎಲ್ಲಿ ಪಂಚಮವನ್ನು ಮುಟ್ಟಬೇಕು, ಎಲ್ಲಿ ಬಿಟ್ಟು ಹಾಯಬೇಕು ಎಂಬುದನ್ನು ಆರೋಹ-ಅವರೋಹ ನೋಡಿ ಕಲಿಯಲಾಗದು. ಗುರುವಿನಿಂದ ಚೀಜು ಬಾಯಿಪಾಠವಾಗಿರಬೇಕು.

ವಚನ ಗಾಯನ

ಮಠಗಳಲ್ಲಿ, ಭಜನೆಗಳಲ್ಲಿ ಶರಣರ ಹಾಡುಗಳಿಗೆ ಹಳೆಯ ಪರಂಪರೆಯಿದೆ. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ ಮೇಲೆ ತಾಳೆಗರಿಯಲ್ಲಿದ್ದ ವಚನಗಳು ಓದುಗರ ಕೈಗೆ ಬಂದವು. ಅವನ್ನು ಸಂಗೀತದ ವೇದಿಕೆಗೆ ಒಯ್ದ ಉತ್ತರ ಕರ್ನಾಟಕದ ಗಾಯಕರಲ್ಲಿ ಮನಸೂರರ ಪಾತ್ರ ದೊಡ್ಡದು. ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳಿಗೆ ಅವರು ಹಿಂದುಸ್ತಾನಿ ರಾಗಗಳಲ್ಲಿ ಧಾಟಿ ಕೂಡಿಸಿದರು.

ಕೆಲಸ ಸುಲಭದ್ದಲ್ಲ. ದಾಸರ ಪದಕ್ಕೆ ಪಲ್ಲವಿ, ಚರಣ, ಪ್ರಾಸ ಎಲ್ಲವೂ ಇರುತ್ತವೆ. ತಾಳಕ್ಕೆ ಅದು ತಾನಾಗಿ ಕೂಡುತ್ತದೆ. ವಚನಕ್ಕೆ ಗಣದ ಲೆಕ್ಕವಿಲ್ಲ, ಸಾಲುಗಳ ಉದ್ದ ಸಮವಲ್ಲ, ಮರಳಿ ಮರಳಿ ಬರುವ ಪಲ್ಲವಿಯೂ ಇಲ್ಲ. ಒಂದು ಸಾಲನ್ನು ಪಲ್ಲವಿಯಂತೆ ಎತ್ತಿ ಹಿಡಿದು, ಉಳಿದ ಮಾತುಗಳನ್ನು ಅರ್ಥ ಮುರಿಯದ ಕಡೆ ಬಿಡಿಸಿ, ತಾಳದ ಆವರ್ತನದೊಳಗೆ ಕೂಡ್ರಿಸುವ ಹೊಣೆ ಗಾಯಕನದು. ಕೊನೆಗೆ ಬರುವ ಅಂಕಿತವೇ ಇಡೀ ವಚನದ ನಿಲುಗಡೆ. ಮನಸೂರರು ಆಲಾಪ-ತಾನುಗಳ ಸಾಮರ್ಥ್ಯವನ್ನು ಇಲ್ಲಿ ಬಿಗಿಹಿಡಿದು, ಮಾತು ಮುಂದೆ, ರಾಗ ಹಿಂದೆ ಎಂಬಂತೆ ಹಾಡಿದರು. ಖಯಾಲಿನಲ್ಲಿ ರಾಗಕ್ಕೆ ಸಲ್ಲುವ ಮೊದಲ ಸ್ಥಾನ ವಚನದಲ್ಲಿ ಸಾಹಿತ್ಯಕ್ಕೆ ಸಂದಿತು.

ಮನ್ನಣೆ

ನಾಡಿನಾಚೆಯ ಹೆಸರು ಬಂದದ್ದು ತಡವಾಗಿ. ಪದ್ಮಶ್ರೀ (1970) ದೊರೆತಾಗ ಅವರಿಗೆ ಅರವತ್ತು ಸಮೀಪಿಸಿತ್ತು. ಮುಂದಿನ ಎರಡು ದಶಕಗಳಲ್ಲಿ ದೊಡ್ಡ ಗೌರವಗಳು ಒಂದರ ಹಿಂದೊಂದು ಬಂದವು: ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1971), ಪದ್ಮಭೂಷಣ (1976), ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನ (1981), ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ (1982), ಪದ್ಮವಿಭೂಷಣ (1992). ಇಳಿವಯಸ್ಸಿನಲ್ಲೂ ಕಂಠದ ಕಸುವು ಕುಂದಿರಲಿಲ್ಲ. ದೇಶದ ದೊಡ್ಡ ಸಮ್ಮೇಳನಗಳಿಗೆ ಹೋಗಿ ಹಾಡಿ ಧಾರವಾಡಕ್ಕೆ ಮರಳುತ್ತಿದ್ದರು. ‘ನನ್ನ ರಸಯಾತ್ರೆ’ ಅವರ ಆತ್ಮಕಥೆ. ಮಗ ರಾಜಶೇಖರ ಮನಸೂರರು ಮಾಡಿದ ಅದರ ಇಂಗ್ಲಿಷ್ ಅನುವಾದ 2005ರಲ್ಲಿ ಪ್ರಕಟವಾಯಿತು. ನಂದನ್ ಕುಧ್ಯಾಡಿಯವರು ಅವರ ಕುರಿತು ‘ರಸಯಾತ್ರಾ’ ಎಂಬ ಸಾಕ್ಷ್ಯಚಿತ್ರ ನಿರ್ದೇಶಿಸಿದರು.

ಪರಂಪರೆ

ಇಂಗ್ಲಿಷ್ ಪ್ರಾಧ್ಯಾಪಕರೂ ಆಗಿದ್ದ ರಾಜಶೇಖರ ಮನಸೂರ (1942–2022), ಮಗಳು ನೀಲಾ ಕೊಡ್ಲಿ, ಶಿಷ್ಯ ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ ಈ ಗಾಯಕಿಯನ್ನು ಮುಂದುವರಿಸಿದರು. ಧಾರವಾಡದ ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಅವರ ಹೆಸರಿನ ಟ್ರಸ್ಟ್ ಸಂಗೀತೋತ್ಸವ ನಡೆಸಿ ಪ್ರಶಸ್ತಿ ನೀಡುತ್ತದೆ.

ಘರಾಣೆಯ ಪಾಠವನ್ನು ಅವರು ಕಟ್ಟುನಿಟ್ಟಾಗಿ ಕಾಯ್ದರು, ಮನೆಮಾತಿನ ಸಾಹಿತ್ಯಕ್ಕೂ ಅದೇ ಶ್ರದ್ಧೆ ತೋರಿದರು. ಬ್ರಜ್ ಭಾಷೆಯ ಬಂದಿಶಿನ ನಂತರ ಅದೇ ವೇದಿಕೆಯಲ್ಲಿ ಕನ್ನಡ ವಚನ ಹಾಡುವುದು ಈ ಭಾಗದ ಗಾಯಕರಿಗೆ ಇಂದು ವಾಡಿಕೆಯ ಮಾತು. ಆ ವಾಡಿಕೆ ಬೆಳೆದುಬಂದುದರಲ್ಲಿ ಮನಸೂರರ ದುಡಿಮೆ ಬಹಳವಿದೆ.