ಭಗತ್ ಸಿಂಗ್ ಪುಸ್ತಕ ಮತ್ತು ಒಂಬತ್ತೂವರೆ ವರ್ಷ

ನನ್ನ ಅಜ್ಜಿಮನೆ ಕಾರ್ಕಳದ ಹತ್ತಿರ. ಹಾಗಾಗಿ ನಕ್ಸಲ್ ಅನ್ನೋ ಪದ ನನಗೆ ಕಾಗುಣಿತದ ಜೊತೆಗೇ ಬಂದದ್ದು. 2003ರ ನವೆಂಬರಿನಲ್ಲಿ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. ಆಮೇಲೆ ಕತ್ತಲಾದ ಮೇಲೆ ಯಾರಾದರೂ ಕಾಡಿನ ಸುದ್ದಿ ತೆಗೆದರೆ ಅಜ್ಜಿ ಮಾತು ಬದಲಿಸುತ್ತಿದ್ದರು. 2008ರ ಮೇ ತಿಂಗಳಲ್ಲಿ ಸೀತಾನದಿಯಲ್ಲಿ ನಕ್ಸಲರು ಒಬ್ಬ ಶಿಕ್ಷಕರನ್ನು ಕೊಂದರು. ಹೆದರಿಕೆ ಸುಳ್ಳಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈದುವಿನಿಂದ ನಾರಾವಿ ದಾಟಿದರೆ ಕುತ್ಲೂರು. ಬೆಳ್ತಂಗಡಿ ತಾಲೂಕು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಲೆಕುಡಿಯರ ಊರು. 2012ರ ಮಾರ್ಚ್ 3ರಂದು ಪೊಲೀಸರು ಅಲ್ಲಿಂದ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು ಹಿಡಿದೊಯ್ದರು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ನಕ್ಸಲರ ಜೊತೆ ನಂಟು ಅಂತ ಹೇಳಿ ದೇಶದ್ರೋಹ, ಯುಎಪಿಎ ಎರಡನ್ನೂ ಹಾಕಿದರು. ಪೊಲೀಸರು ತೋರಿಸಿದ ವಸ್ತುಗಳಲ್ಲಿ ಏನೇನಿತ್ತು ಗೊತ್ತಾ? ಭಗತ್ ಸಿಂಗ್ ಪುಸ್ತಕ, ಪೇಪರ್ ಕಟಿಂಗುಗಳು, ಊರಿಗೆ ಮೂಲಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸಬೇಕು ಅನ್ನೋ ಪತ್ರ... ಮಣಿಪಾಲದಲ್ಲಿ ನನ್ನ ರೂಮ್‌ಮೇಟ್ ಹತ್ತಿರ ಭಗತ್ ಸಿಂಗ್ ಮೇಲೆ ಎರಡು ಪುಸ್ತಕ ಇದ್ದವು ಮಾರಾಯ್ರೆ!

ಜೈಲಿನಿಂದ ಪರೀಕ್ಷೆಗೆ ಬೇಡಿ ಹಾಕಿಯೇ ಕರೆತಂದರು. ಕೈದಿಗೆ ಸುಮ್ಮಸುಮ್ಮನೆ ಬೇಡಿ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿತ್ತು.

ಯುಎಪಿಎ ಮಾಮೂಲಿ ಕಾನೂನಲ್ಲ. ಬೇರೆ ಗಂಭೀರ ಕೇಸುಗಳಲ್ಲಿ ಚಾರ್ಜ್‌ಶೀಟಿಗೆ ಹೆಚ್ಚೆಂದರೆ 90 ದಿನ, ಇಲ್ಲಿ ಕೋರ್ಟು ಒಪ್ಪಿದರೆ 180. ಇದರ 44ನೇ ಸೆಕ್ಷನ್ ಪ್ರಕಾರ, ಕಾರಣ ಬರೆದಿಟ್ಟು ಬಾಗಿಲು ಮುಚ್ಚಿಯೂ ವಿಚಾರಣೆ ನಡೆಸಬಹುದು. ಸಾಕ್ಷಿಗಳ ಜೀವಕ್ಕೆ ಅಪಾಯ ಇರುವಾಗ ಅದು ಬೇಕು, ಒಪ್ಪುತ್ತೇನೆ. ಆದರೆ ನಾನು ಕೋಡ್ ಬರೆಯುವವನು. ನನ್ನ ಕೋಡನ್ನು ಬೇರೆಯವರು ನೋಡಿದಾಗಲೇ ನನಗೆ ಕಾಣದ ಬಗ್ ಸಿಗುವುದು. ಮುಚ್ಚಿದ ಕೋಣೆಯಲ್ಲಿ ಆ ಪುಸ್ತಕ 'ನಕ್ಸಲ್ ಸಾಹಿತ್ಯ' ಆಗಿಯೇ ಉಳಿದಿದ್ದರೆ ನಮಗೆ ತಿಳಿಯುತ್ತಿದ್ದುದಾದರೂ ಹೇಗೆ?

2021ರ ಅಕ್ಟೋಬರ್ 21ರಂದು ಮಂಗಳೂರಿನ ಕೋರ್ಟು ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದಕ್ಕೆ, ಪೇಪರ್ ಓದುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಅಂತ ತೀರ್ಪಿನಲ್ಲಿ ಬರೆದಿದ್ದಾರೆ. ಆ ಪತ್ರದಲ್ಲಿದ್ದದ್ದು ಊರವರ ಬೇಡಿಕೆ, ಅಷ್ಟೇ.

ಅರೆಸ್ಟ್ ಆದಾಗ ನಾನು ಒಂಬತ್ತನೇ ಕ್ಲಾಸು. ತೀರ್ಪು ಬಂದಾಗ ಇಂಜಿನಿಯರಿಂಗ್ ಮುಗಿಸಿ, ಕಾಪುವಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಿದ್ದೆ. ಅಷ್ಟರಲ್ಲಿ ವಿಠಲ ಪತ್ರಕರ್ತರಾಗಿದ್ದರು, ಕೋರ್ಟಿನ ತಾರೀಕುಗಳ ಮಧ್ಯೆಯೇ.