ಚಿಕ್ಕವರು ಶುರು ಮಾಡಿದ ಕಪ್

2021ರ ಏಪ್ರಿಲ್ 18, ಭಾನುವಾರ. ಯುರೋಪಿನ 12 ದೊಡ್ಡ ಫುಟ್‌ಬಾಲ್ ಕ್ಲಬ್‌ಗಳು ಅವತ್ತು ರಾತ್ರಿ ಒಂದು ಘೋಷಣೆ ಮಾಡಿದ್ವು. ನಮ್ಮದೇ ಒಂದು ಸೂಪರ್ ಲೀಗ್ ಮಾಡ್ಕೊಳ್ತೀವಿ, ಸ್ಥಾಪಕ ಕ್ಲಬ್‌ಗಳಿಗೆ ಅಲ್ಲಿ ಖಾಯಂ ಜಾಗ, ಸೋತ್ರೂ ಯಾರೂ ಹೊರಗೆ ಹಾಕೋ ಹಾಗಿಲ್ಲ! ಇಟಲಿಯಿಂದ ಯುವೆಂಟಸ್, ಮಿಲಾನ್, ಇಂಟರ್ ಆ ಗುಂಪಿನಲ್ಲಿದ್ವು. ನಮ್ಮಲ್ಲಿ ಆಗ ಕೊರೊನಾ ಎರಡನೇ ಅಲೆ. ಬೆಡ್ಡು, ಆಕ್ಸಿಜನ್ ಬಿಟ್ಟರೆ ಬುಲೆಟಿನ್‌ನಲ್ಲಿ ಬೇರೇನಕ್ಕೂ ಜಾಗ ಇರಲಿಲ್ಲ. ಅಭಿಮಾನಿಗಳು ಬೀದಿಗಿಳಿದರು, ಮೂರೇ ದಿನದಲ್ಲಿ ಆ ಯೋಜನೆ ಕುಸಿದುಬಿತ್ತು. ಪ್ರಪಂಚ ನಿಟ್ಟುಸಿರುಬಿಟ್ಟಿತು.

ಆದ್ರೆ ಅದೇ ವರ್ಷ ಇಟಲಿಯಲ್ಲಿ ಸದ್ದಿಲ್ಲದೆ ಇನ್ನೊಂದು ಬಾಗಿಲು ಮುಚ್ಚಿತು. ಅದಕ್ಕೆ ಯಾರೂ ಬೀದಿಗಿಳಿಯಲಿಲ್ಲ. ಆ ಬಾಗಿಲಿನ ಹೆಸರು ಕೊಪ್ಪಾ ಇಟಾಲಿಯಾ, ಅಂದ್ರೆ ಇಟಲಿಯ ರಾಷ್ಟ್ರೀಯ ನಾಕೌಟ್ ಕಪ್. ಅದರ ಕಥೆ ಗೊತ್ತಾಗ್ಬೇಕಾದ್ರೆ ಸರಿಯಾಗಿ ನೂರು ವರ್ಷ ಹಿಂದಕ್ಕೆ ಹೋಗ್ಬೇಕು.

1921. ಇಟಲಿಯ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನಲ್ಲಿ ತಂಡಗಳ ಸಂಖ್ಯೆ ವಿಪರೀತ ಬೆಳೆದಿತ್ತು. ದೊಡ್ಡ ಕ್ಲಬ್‌ಗಳಿಗೆ ಸಿಟ್ಟು. ಸಣ್ಣ ಸಣ್ಣ ಊರಿನವರ ಜೊತೆ ಯಾಕೆ ಆಡ್ಬೇಕು? ಮುಂದೆ ಇಟಲಿಗೆ ಎರಡು ವಿಶ್ವಕಪ್ ಗೆದ್ದುಕೊಟ್ಟ ಕೋಚ್ ವಿತ್ತೋರಿಯೊ ಪೊಟ್ಸೊ ಆಗ ಒಂದು ಯೋಜನೆ ಮಂಡಿಸಿದರು. ಮೇಲಿನ ದರ್ಜೆಯಲ್ಲಿ ಕೆಲವೇ ತಂಡ ಇರಲಿ, ಉಳಿದವರು ಕೆಳಗಿಳಿಯಲಿ ಅಂತ. ಆದ್ರೆ ಫೆಡರೇಶನ್ನಿನಲ್ಲಿ ಸಣ್ಣ ಕ್ಲಬ್‌ಗಳ ಸಂಖ್ಯೆಯೇ ಜಾಸ್ತಿ. ತಮ್ಮ ಕುತ್ತಿಗೆಗೆ ತಾವೇ ಕುಣಿಕೆ ಹಾಕ್ಕೊಳ್ತಾರಾ? ಯೋಜನೆ ಬಿದ್ದುಹೋಯ್ತು. ಯುವೆಂಟಸ್, ಮಿಲಾನ್, ಇಂಟರ್, ಜೆನೋವಾ, ಪ್ರೊ ವೆರ್ಚೆಲ್ಲಿ ಸೇರಿ ದೊಡ್ಡವರೆಲ್ಲ ಹೊರಗೆ ನಡೆದು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಒಂದೇ ದೇಶ, ಎರಡು ಫೆಡರೇಶನ್, ಇಬ್ಬರು ಚಾಂಪಿಯನ್! ಆ ಕಡೆ ಪ್ರೊ ವೆರ್ಚೆಲ್ಲಿ, ಈ ಕಡೆ ನೊವೇಸೆ.

ಹಳೇ ಮನೆಯಲ್ಲಿ ಉಳಿದವರು ಚಿಕ್ಕವರು. ಅವರು ಅಳ್ತಾ ಕೂರಲಿಲ್ಲ. 1922ರಲ್ಲಿ ಹೊಸದೊಂದು ಸ್ಪರ್ಧೆ ಶುರು ಮಾಡಿದರು. ಸೋತವನು ಮನೆಗೆ, ಗೆದ್ದವನು ಮುಂದಕ್ಕೆ. ಅದೇ ಕೊಪ್ಪಾ ಇಟಾಲಿಯಾ.

1922ರ ಜುಲೈ 16ರಂದು ಮೊದಲ ಫೈನಲ್. ಒಂದು ಕಡೆ ಉದಿನೇಸೆ. ಇನ್ನೊಂದು ಕಡೆ ವಾಡೊ. ಲಿಗೂರಿಯಾ ಕರಾವಳಿಯಲ್ಲಿ ಸವೋನಾ ನಗರದ ಪಕ್ಕದ ಪುಟ್ಟ ಊರಿನ ತಂಡ. ಅದೂ ಕೆಳದರ್ಜೆಯ ತಂಡ. ಪಂದ್ಯ ನಡೆದಿದ್ದು ವಾಡೊದಲ್ಲೇ. 90 ನಿಮಿಷ ಮುಗೀತು, ಗೋಲಿಲ್ಲ. ಆಗ ಪೆನಾಲ್ಟಿ ಶೂಟೌಟ್ ಅನ್ನೋದೇ ಇರಲಿಲ್ಲ. ಆಟ ಮುಂದುವರೀತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ 17 ವರ್ಷದ ಹುಡುಗ ಫೆಲಿಚೆ ಲೆವ್ರಾತ್ತೊ ಎಡಗಾಲಿನಿಂದ ಒದ್ದ ಚೆಂಡು ಗೋಲಿಗೆ ಹೋಯ್ತು. ಆ ಹೊಡೆತಕ್ಕೆ ಬಲೆಯೇ ಹರಿದುಹೋಯ್ತು ಅಂತ ಇಟಲಿಯವರು ಇವತ್ತಿಗೂ ಹೇಳ್ತಾರೆ. ಅದು ನಿಜವೋ, ಆಮೇಲೆ ಸೇರಿದ ಬಣ್ಣವೋ, ‘ಬಲೆ ಹರಿಯುವವನು’ ಅನ್ನೋ ಬಿರುದಂತೂ ಆತನಿಗೆ ಅಂಟಿಕೊಂಡಿತು. ಆರು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಇಟಲಿ ತಂಡದಲ್ಲೂ ಆತ ಇದ್ದ.

ವಾಡೊ 1, ಉದಿನೇಸೆ 0. ಕಪ್ಪಿನ ವಿಜೇತರ ಪಟ್ಟಿಯ ಮೊದಲ ಸಾಲಿನಲ್ಲಿ ಇವತ್ತಿಗೂ ಇರೋದು ವಾಡೊ ಹೆಸರೇ. ಸೆರಿ ಎ ಲೀಗ್‌ನಲ್ಲಿ ಒಂದೇ ಒಂದು ದಿನ ಆಡದ ಊರು ಅದು.

‘ದೊಡ್ಡವರು ಇರಲಿಲ್ಲವಲ್ಲ, ಅದೇನು ಮಹಾ ಗೆಲುವು’ ಅಂತ ಕೇಳಬಹುದು. ನಾನು ತಿರುಗಿ ಕೇಳ್ತೀನಿ, ಅವರನ್ನು ಬರಬೇಡಿ ಅಂದಿದ್ದು ಯಾರು? ಮನೆ ಬಿಟ್ಟು ಹೋದವರು ಅವರೇ. ಫೈನಲ್‌ಗೆ ಕೆಲವೇ ದಿನ ಮುಂಚೆ, ಜೂನ್‌ನಲ್ಲಿ, ಗಜೆಟ್ಟಾ ದೆಲ್ಲೊ ಸ್ಪೋರ್ಟ್ ಪತ್ರಿಕೆಯ ಸಂಪಾದಕ ಎಮಿಲಿಯೊ ಕೊಲಂಬೊ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ ಅವರು ವಾಪಸ್ಸೂ ಬಂದ್ರು. ಆದ್ರೆ ಬಂದಿದ್ದು ತಮ್ಮ ಷರತ್ತಿನ ಮೇಲೆ. ಮೇಲಿನ ದರ್ಜೆಯ ತಂಡಗಳ ಸಂಖ್ಯೆ ಇಳೀತು, ಕೆಳಗೆ ಬಿದ್ದಿದ್ದು ಸಣ್ಣ ಊರುಗಳು.

ದೊಡ್ಡವರು ಬಂದ್ಮೇಲೆ ಕಪ್ ಅನಾಥವಾಯ್ತು. 1926-27ರಲ್ಲಿ ಮತ್ತೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ರು. 1936ರಲ್ಲಿ ತೊರಿನೊ ಗೆದ್ದಾಗಲೇ ಮತ್ತೊಬ್ಬ ವಿಜೇತ ಸಿಕ್ಕಿದ್ದು. 1943ರ ನಂತರ ಯುದ್ಧದಿಂದ ನಿಂತಿದ್ದು ಮರಳಿ ಬಂದಿದ್ದು 1958ಕ್ಕೆ. ಆಮೇಲೆ ನಿಲ್ಲಲಿಲ್ಲ.

ಮರಳಿ ಬಂದ ಕಪ್ ತನ್ನ ಹುಟ್ಟುಗುಣ ಬಿಡಲಿಲ್ಲ. 1962ರಲ್ಲಿ ಎರಡನೇ ದರ್ಜೆಯಲ್ಲಿದ್ದ ನಾಪೊಲಿ ರೋಮ್‌ನ ಫೈನಲ್‌ನಲ್ಲಿ ಸ್ಪಾಲ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು. 1983-84ರಲ್ಲಿ ಮೂರನೇ ದರ್ಜೆಯ ಬಾರಿ ತಂಡ ಪ್ಲಾಟಿನಿ ಇದ್ದ ಯುವೆಂಟಸ್ಸನ್ನು ತುರಿನ್‌ನಲ್ಲೇ 2-1ರಿಂದ ಸೋಲಿಸಿ ಹೊರಗೆ ಹಾಕಿ, ಸೆಮಿಫೈನಲ್‌ವರೆಗೂ ಹೋಯ್ತು. ಆ ವರ್ಷ ಲೀಗ್ ಗೆದ್ದಿದ್ದು ಅದೇ ಯುವೆಂಟಸ್. 2015-16ರಲ್ಲಿ ಮೂರನೇ ದರ್ಜೆಯ ಅಲೆಸ್ಸಾಂದ್ರಿಯಾ ತಂಡ ಪಲೆರ್ಮೊ, ಜೆನೋವಾ, ಸ್ಪೆಜಿಯಾ ಮೂವರನ್ನೂ ಅವರವರ ಊರಲ್ಲೇ ಸೋಲಿಸಿ ಸೆಮಿಫೈನಲ್‌ನಲ್ಲಿ ಮಿಲಾನ್ ಎದುರು ನಿಂತಿತು. ಸೋತಿತು, ಸರಿ. ಆದ್ರೆ ಅಲ್ಲಿಯವರೆಗೆ ಹೋಯ್ತಲ್ಲ!

ಈಗ 2021ಕ್ಕೆ ವಾಪಸ್ ಬನ್ನಿ. ಅದಕ್ಕೆ ಮುಂಚೆ ಕಪ್‌ನಲ್ಲಿ 78 ತಂಡ ಆಡ್ತಿದ್ವು, ನಾಲ್ಕನೇ ದರ್ಜೆಯ ಸೆರಿ ಡಿ ತಂಡಗಳಿಗೂ ಜಾಗ ಇತ್ತು. 2021-22ರಿಂದ ಅದು 44ಕ್ಕೆ ಇಳೀತು. ಸೆರಿ ಎ 20, ಸೆರಿ ಬಿ 20, ಸೆರಿ ಸಿ ನಾಲ್ಕೇ ನಾಲ್ಕು. ಸೆರಿ ಸಿ ಅಂದ್ರೆ 60 ತಂಡಗಳ ದರ್ಜೆ. ಉಳಿದ 56ಕ್ಕೆ ಪ್ರವೇಶವಿಲ್ಲ. ಸೆರಿ ಡಿ ಪೂರ್ತಿ ಹೊರಗೆ.

ಓದಿದ್ದು ಇಂಜಿನಿಯರಿಂಗ್, ಲೆಕ್ಕ ಹಾಕದೆ ಇರೋಕಾಗಲ್ಲ. ಹಿಂದಿನ ವರ್ಷ ಸೆರಿ ಎಯಲ್ಲಿ ಮೊದಲ ಎಂಟು ಸ್ಥಾನ ಪಡೆದವರು ನೇರವಾಗಿ ಕೊನೆಯ 16ರ ಸುತ್ತಿಗೆ ಇಳೀತಾರೆ. ಅವರು ಕಪ್ ಗೆಲ್ಲೋಕೆ ಆಡಬೇಕಾದ್ದು ಐದು ಪಂದ್ಯ. ಆ ನಾಲ್ಕು ಸೆರಿ ಸಿ ತಂಡಗಳಲ್ಲಿ ಒಂದು ಗೆಲ್ಲಬೇಕಾದ್ರೆ ಎಂಟು. ಕೊನೆಯ 16ರ ಸುತ್ತಿನಲ್ಲಿ ಪಂದ್ಯ ನಡೆಯೋದು ಮೇಲಿನ ಶ್ರೇಯಾಂಕದವರ ಊರಲ್ಲಿ. ಸೆಮಿಫೈನಲ್ ಎರಡು ಪಂದ್ಯ, ಅಂದ್ರೆ ದೊಡ್ಡವನು ಒಂದು ದಿನ ಎಡವಿದ್ರೂ ಸರಿಪಡಿಸಿಕೊಳ್ಳೋಕೆ ಇನ್ನೊಂದು ದಿನ ಉಂಟು. ನಾಕೌಟ್ ಅನ್ನೋ ಪದಕ್ಕೆ ಅರ್ಥವೇ ‘ಇವತ್ತು ಒಂದೇ ದಿನ’. ಆ ಒಂದು ದಿನವನ್ನೇ ತೆಗೆದುಬಿಟ್ರೆ ಉಳಿಯೋದು ಏನು?

ಆಯೋಜಕರ ವಾದ ನನಗೆ ಅರ್ಥವಾಗುತ್ತೆ. ಕ್ಯಾಲೆಂಡರ್ ತುಂಬಿಹೋಗಿದೆ, ಆಟಗಾರರು ದಣಿದಿದ್ದಾರೆ, ಟಿವಿಗೆ ದೊಡ್ಡ ಹೆಸರು ಬೇಕು. ಟಿವಿಯಲ್ಲೇ ಕೂತಿರೋ ನನಗೆ ಕೊನೆಯದು ಚೆನ್ನಾಗೇ ಗೊತ್ತು. ಆದ್ರೆ ಗಮನಿಸಿ, 1921ರಲ್ಲಿ ಪೊಟ್ಸೊ ಬೆನ್ನಿಗೆ ನಿಂತವರ ವಾದವೂ ಇದೇ. ತಂಡ ಜಾಸ್ತಿಯಾಯ್ತು, ಪಂದ್ಯ ಜಾಸ್ತಿಯಾಯ್ತು, ಚಿಕ್ಕವರು ಸರೀರಿ. ಅವತ್ತು ಚಿಕ್ಕವರ ಕೈಯಲ್ಲಿ ಮತ ಇತ್ತು, ಬೇಡ ಅಂದ್ರು. ದೊಡ್ಡವರು ಗಲಾಟೆ ಮಾಡಿ ಹೊರಗೆ ಹೋಗಿದ್ದು ಎಲ್ಲರಿಗೂ ಕಾಣಿಸ್ತು. 2021ರಲ್ಲೂ ಸೂಪರ್ ಲೀಗ್ ಕಟ್ಟೋಕೆ ಹೊರಟಿದ್ದು ಕಾಣಿಸ್ತು, ಜನ ತಡೆದರು. ಕಾಣಿಸದೇ ಹೋಗಿದ್ದು ನಿಯಮಪುಸ್ತಕದ ಒಂದು ತಿದ್ದುಪಡಿ.

ಈಗ ಫೈನಲ್ ನಡೆಯೋದು ರೋಮ್‌ನ ಒಲಿಂಪಿಕೊ ಕ್ರೀಡಾಂಗಣದಲ್ಲಿ. ಗೆದ್ದವರು ಮುಂದಿನ ವರ್ಷವಿಡೀ ಎದೆಯ ಮೇಲೆ ಇಟಲಿ ಧ್ವಜದ ಮೂರು ಬಣ್ಣದ ದುಂಡನೆ ಲಾಂಛನ ಧರಿಸ್ತಾರೆ. 15 ಸಲ ಗೆದ್ದಿರೋ ಯುವೆಂಟಸ್ ಎಲ್ಲರಿಗಿಂತ ಮುಂದಿದೆ. ಮೊದಲ ವರ್ಷ ಈ ಕಪ್ ಆಡೋಕೇ ಬರದೆ ಹೊರಗೆ ನಡೆದಿದ್ದವರಲ್ಲಿ ಯುವೆಂಟಸ್ ಕೂಡ ಒಂದು. ಅವರಿಲ್ಲದ ವರ್ಷ ಅದನ್ನು ಗೆದ್ದು, ಕಪ್‌ಗೊಂದು ಇತಿಹಾಸ ಕೊಟ್ಟದ್ದು ವಾಡೊ. ಅಂಥ ಸಣ್ಣ ಊರಿಗೆ ಇವತ್ತು ಅದೇ ಕಪ್‌ನ ಮೊದಲ ಸುತ್ತಿನಲ್ಲಿ ಒಂದು ಜಾಗ ಸಿಗೋದೂ ಕಷ್ಟ.