ಬೆಳ್ಳಬೆಳತನಕ ಒಂದೇ ಕಥೆ

ಬಳ್ಳಾರಿಯ ವಕೀಲರು ಕೋರ್ಟು ಮುಗಿಸಿ ನಾಟಕ ಬರೆಯುತ್ತಿದ್ದ ಕಾಲವೊಂದಿತ್ತು. ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದರು. 1887ರಲ್ಲಿ ಅವರ ತೆಲುಗು ‘ಚಿತ್ರನಳೀಯಂ’ ರಂಗಕ್ಕೆ ಬಂತು. ಅವರೂ ವಕೀಲರೇ, ಎದುರು ಪಕ್ಷದ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ರಾಯರದು ಸುಮನೋರಮಾ ಸಭೆ. ಕೋರ್ಟಿನ ಜಿದ್ದು ರಂಗಕ್ಕೂ ಬಂದಿತ್ತೆಂದು ನನ್ನ ಗುಮಾನಿ.

ಸಿರುಗುಪ್ಪ ಕಡೆಯ ಬಯಲಾಟಗಳಿಗೆ ಪೇಟಿ ನುಡಿಸುವವನು ನಾನು. ಆ ಸಭೆಗಳ ವಿಷಯದಲ್ಲಿ ನನಗೆ ಕುತೂಹಲ ಹಾಡಿನದು. ಆಚಾರ್ಯರ ಪಾತ್ರಗಳು ತಾವೇ ರಾಗ ಹಿಡಿದು ಹಾಡುತ್ತಿದ್ದವು. ಅಷ್ಟರಲ್ಲಿ ಪಾರ್ಸಿ ಕಂಪನಿಗಳು ಊರೂರು ಸುತ್ತುತ್ತಿದ್ದವು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಮರಾಠಿ ‘ಶಾಕುಂತಲ’ 1880ರಲ್ಲೇ ಪುಣೆಯಲ್ಲಿ ಹಾಡಿನ ನಾಟಕಕ್ಕೆ ದಾರಿ ತೆಗೆದಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಫ್ರಾನ್ಸಿನಿಂದ ಬಂದ ಹಾರ್ಮೋನಿಯಮ್ಮನ್ನು ಕೈಯಲ್ಲಿ ತಿದಿ ಒತ್ತುವ ಪೇಟಿ ಮಾಡಿದ್ದೂ ಅದೇ ಆಸುಪಾಸಿನಲ್ಲಿ. ಫ್ರಾನ್ಸಿನ ಪೆಟ್ಟಿಗೆ, ಹಿಂದೂಸ್ತಾನಿ ಚಾಲು, ತೆಲುಗು ಪದ್ಯ, ಕನ್ನಡದ ಮಾತು! ಇಂಥ ಬೆರಕೆಗೆ ಗಡಿಯ ಊರೇ ಬೇಕು.

ಆಚಾರ್ಯರ ‘ವಿಷಾದ ಸಾರಂಗಧರ’ದಲ್ಲಿ ಮಲತಾಯಿ ಚಿತ್ರಾಂಗಿ ಮಗನ ಮೇಲೆ ಮನಸಿಟ್ಟು, ಅವನು ಒಪ್ಪದಾಗ ಸುಳ್ಳು ಆಪಾದನೆ ಹೊರಿಸುತ್ತಾಳೆ. ಪೇಟೆಯವರು ಅದನ್ನು ಹೊಸ ದುಃಖಾಂತವೆಂದು ಕೊಂಡಾಡಿದರು. ಹಳ್ಳಿಯಲ್ಲಿ ಇದೇ ಕಥೆ ಕುಮಾರರಾಮನದು. ಮಲತಾಯಿ ರತ್ನಾಜಿ ತಲೆ ಕೇಳುತ್ತಾಳೆ, ತಂದೆ ಕಂಪಿಲರಾಯ ಹೂಂ ಅನ್ನುತ್ತಾನೆ, ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಸುಗ್ಗಿ ಮುಗಿದ ಮೇಲೆ ಗಂಡಸೊಬ್ಬ ಸೀರೆಯುಟ್ಟು ರತ್ನಾಜಿಯಾಗಿ ಕುಣಿದರೆ ಮದ್ದಳೆ, ತಾಳ, ಪೇಟಿ ಮೂರೂ ಬೆವರುತ್ತವೆ. ರಾತ್ರಿ ಹತ್ತಕ್ಕೆ ಏರಿದ ಆಟ ಬೆಳಕು ಹರಿದ ಮೇಲೇ ಇಳಿಯುವುದು.

ಆದರೆ ಬಳ್ಳಾರಿಯ ಅತಿ ದೊಡ್ಡ ನಟನಿಗೆ ಹಾಡು ಅತಿಯಾಗುವುದು ಹಿಡಿಸುತ್ತಿರಲಿಲ್ಲ. ಬಳ್ಳಾರಿ ರಾಘವರು (1880–1946) ಆಚಾರ್ಯರ ಸೋದರಳಿಯ, ಅವರೂ ವಕೀಲರು. ಕೋಲಾಚಲಂ ಅವರ ‘ರಾಮರಾಜು ಚರಿತ್ರ’ದ ಪಠಾಣ ರುಸ್ತುಮನಾಗಿ ಹೆಸರು ಮಾಡಿದವರು. ಸಾಯುವ ಪಾತ್ರ ಆಲಾಪ ಎಳೆಯುವುದೇನು, ಮಾತಿನಲ್ಲೇ ಅಭಿನಯಿಸಬೇಕು ಎಂಬ ಕಡೆಗೆ ಅವರ ಒಲವು. ನಟರಿಗೆ ಅದು ಸರಿಯೇ ಇರಬಹುದು. ಪೇಟಿಯವನಾಗಿ ನಾನು ಒಪ್ಪಲಾರೆ: ಪಾತ್ರಧಾರಿಯ ಗಂಟಲು ಸೋತ ಕಡೆ ಕಥೆಯನ್ನು ಎತ್ತಿ ನಡೆಸುವುದು ಸ್ವರವೇ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಪದ್ಯದ ಧಾಟಿಗೆ ಮಾತ್ರ ಯಾರೂ ಗಡಿಕಲ್ಲು ನೆಡಲಿಲ್ಲ. ಕುರುಗೋಡು ಕಡೆ ತಾಲೀಮಿಗೆ ಕೂತಾಗ ಕನ್ನಡ ಕಂದವನ್ನು ತೆಲುಗು ಎಳೆತದಲ್ಲಿ ಹಾಡುವವರು ನನಗೆ ಸಿಗುತ್ತಲೇ ಇರುತ್ತಾರೆ.

ಬೆಳಗಿನ ತನಕ ಒಂದೇ ಕಥೆ ನಡೆಸುವ ನಮಗೆ ಉದ್ದದ ಹಾಡು ಹೊಸದಲ್ಲ, ಆದರೆ ಬೆಂಗಳೂರಿನಲ್ಲಿರುವ ನನ್ನ ಅಳಿಯ ಒಬ್ಬ ರಾಕ್ ಹುಚ್ಚ. ಇಂಗ್ಲೆಂಡಿನ ‘ಯೆಸ್’ ತಂಡದ 1973ರ ಜೋಡಿ ಎಲ್‌ಪಿ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್’ ಕೇಳಿಸಿ, “ಮಾಮಾ, ನಾಲ್ಕು ಮಗ್ಗುಲಿಗೆ ನಾಲ್ಕೇ ಹಾಡು, ಎಂಥ ಧೈರ್ಯ!” ಎಂದ. ಪರಮಹಂಸ ಯೋಗಾನಂದರ ಆತ್ಮಕಥೆಯ ಅಡಿಟಿಪ್ಪಣಿಯೊಂದು ಗಾಯಕ ಜಾನ್ ಆ್ಯಂಡರ್ಸನ್ನನ ತಲೆ ಹೊಕ್ಕು ಅಷ್ಟೆಲ್ಲ ಆಯಿತಂತೆ. ಆ ತಂಡ ಸ್ಟ್ರಾವಿನ್‌ಸ್ಕಿಯ ಆರ್ಕೆಸ್ಟ್ರಾ ಸಂಗೀತ ಹಾಕಿಯೇ ವೇದಿಕೆ ಏರುತ್ತಿತ್ತು, ನಾವು ಗಣಪತಿ ಸ್ತುತಿಯಿಂದ ಶುರುಮಾಡುವ ಹಾಗೆ. ನನಗೆ ಹತ್ತಿರವಾದವನು ಅವರ ಕೀಬೋರ್ಡಿನವ, ರಿಕ್ ವೇಕ್‌ಮನ್. ಆ ಉದ್ದದ ಹಾಡುಗಳು ಅವನಿಗೆ ಬೇಸರ ತಂದವು. ಒಂದು ಪ್ರದರ್ಶನದ ನಡುವೆ ವೇದಿಕೆಯ ಮೇಲೇ ಸಾರು ತರಿಸಿಕೊಂಡು ಉಂಡೆನೆಂದು ಅವನೇ ಹೇಳಿಕೊಂಡಿದ್ದಾನೆ. 1974ರಲ್ಲಿ ತಂಡವನ್ನೇ ಬಿಟ್ಟ. ನಮ್ಮಲ್ಲಿ ಪೇಟಿಯವನು ಉಣ್ಣಲು ಕೈ ತೆಗೆದರೆ ರತ್ನಾಜಿ ಕುಣಿಯುವುದು ಬಿಟ್ಟು ಅಲ್ಲೇ ಬೈಯುತ್ತಾಳೆ, ಅದೂ ಗಂಡು ದನಿಯಲ್ಲಿ.